ಕಣ್ಣಕ್ಕನ ಕಪ್ಪು ಪುಟ

ಆ ಪ್ರೆಸ್ಸಿನಲ್ಲಿ ಒಂದು ಕಟ್ಟಳೆ ಇತ್ತು. ಮಷಿನ್ನಿನಿಂದ ಮೊದಲ ಹಾಳೆಗಳು ಹೊರಬಿದ್ದಾಗ ಅದರಲ್ಲೊಂದನ್ನು ಎಳೆದು ಓರೆ ಮೇಜಿನ ಮೇಲೆ, ಬಿಳಿ ದೀಪದ ಕೆಳಗೆ ಹಾಸಬೇಕು. ಅಕ್ಕ ಬಂದು ನೋಡಬೇಕು. ನೋಡಿ ಸರಿ ಅನ್ನಿಸಿದರೆ ಕೆಂಪು ಪೆನ್ಸಿಲಿನಲ್ಲಿ ಹಾಳೆಯ ಮೂಲೆಗೆ ಒಂದು ಕಣ್ಣು ಬರೆಯಬೇಕು. ರೆಪ್ಪೆಯಿಲ್ಲ, ಹುಬ್ಬಿಲ್ಲ, ಬಾದಾಮಿಯಂಥ ಒಂದು ಗೆರೆ, ನಡುವೆ ಒಂದು ಚುಕ್ಕೆ. ಆ ಕಣ್ಣು ಬೀಳುವ ತನಕ ಯಜಮಾನ ಬಂದು ಕುಣಿದರೂ ಮಷಿನ್ನು ಓಡುವುದಿಲ್ಲ. ಬಿದ್ದ ಮೇಲೆ ಯಾರು ಬಂದು ಅತ್ತರೂ ನಿಲ್ಲುವುದಿಲ್ಲ. ಹೀಗಾಗಿ ಆಕೆಗೆ ಕಣ್ಣಕ್ಕ ಎಂದೇ ಹೆಸರಾಯಿತು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು.

ಹೆಸರು ದೊಡ್ಡದು, ಕೆಲಸ ಗಾಣದೆತ್ತಿನದು. ಬಿಸ್ಕತ್ತಿನ ಪೊಟ್ಟಣ, ಕೆಮ್ಮಿನ ಔಷಧದ ಡಬ್ಬಿ, ಸಾಬೂನಿನ ಹೊದಿಕೆ, ಚುನಾವಣೆ ಬಂತೆಂದರೆ ಹಲ್ಲು ಕಿರಿಯುವ ಮುಖಗಳು. ಬಂದವರಿಗೆಲ್ಲ ಬೇಕಾದದ್ದು ಒಂದೇ, ಇನ್ನೂ ಸ್ವಲ್ಪ ಕೆಂಪು. ಬಿಸ್ಕತ್ತಿನವರ ಕೆಂಪಿಗಿಂತ ಸಾಬೂನಿನವರದು ಜಾಸ್ತಿ ಕೆಂಪಾಗಬೇಕು, ಅದಕ್ಕಿಂತ ನಾಯಕರ ಕೆನ್ನೆ ಕೆಂಪಾಗಬೇಕು. ಕೆಂಪು ಏರಿಸಿ, ನೀಲಿ ಇಳಿಸಿ, ಹಳದಿಯನ್ನು ಹದಕ್ಕೆ ತಂದು, ಆಕೆಗೆ ಬಣ್ಣವೆಂದರೆ ವಾಕರಿಕೆ ಬರುವಷ್ಟಾಗಿತ್ತು. ಮನೆಯ ಗೋಡೆಗೆ ಸುಣ್ಣದ ಬಿಳುಪು ಬಿಟ್ಟು ಬೇರೇನೂ ಇರಲಿಲ್ಲ, ಒಂದು ಕ್ಯಾಲೆಂಡರ್ ಕೂಡ. ಉಡುವ ತೊಡುವ ಬಟ್ಟೆಯೆಲ್ಲ ಬೂದಿ ಬಣ್ಣ. "ಅಕ್ಕ, ನಿನ್ನ ನೋಡಿದ್ರೆ ಯಾರೋ ಒಗೆದು ಒಣಗಿಸೋಕೆ ಹಾಕಿ ಮರೆತುಹೋದ ಹಾಗಿದೀಯ" ಎಂದು ತಂಗಿ ನಗುತ್ತಿದ್ದಳು.

ಈ ತಂಗಿ ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಗೆ ಬಂದವಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಪ್ಯಾಂಟಿನ ಕಾಲು ಮಡಚುವುದು, ಕೋಟಿನ ಹೊಟ್ಟೆ ಬಿಡಿಸುವುದು ಮಾಡುತ್ತಿದ್ದಳು. ಸಂಜೆ ದಣಿದು ಬಂದ ಅಕ್ಕ ಯಂತ್ರದ ಪಕ್ಕ ಕುಳಿತು ದಾರ ಆರಿಸಿ ಕೊಡುತ್ತಿದ್ದಳು. ಬಟ್ಟೆಗೆ ಹೊಂದುವ ದಾರ ಹುಡುಕುವುದರಲ್ಲಿ ಕಣ್ಣಕ್ಕನನ್ನು ಮೀರಿಸುವವರಿಲ್ಲ.

ಒಂದು ಸಂಜೆ ಕಪ್ಪು ಪ್ಯಾಂಟಿಗೆ ಆಕೆ ಕೊಟ್ಟ ದಾರ ಕಡುನೀಲಿಯದು. ತಂಗಿ ಇಡೀ ಕಾಲು ಹೊಲಿದ ಮೇಲೆ ಬೆಳಿಗ್ಗೆ ಕಿಟಕಿಯ ಹತ್ತಿರ ಹಿಡಿದು ನೋಡಿದಳು, ಬಿಚ್ಚಿದಳು. ಮರುವಾರ ಮತ್ತೆ ಅದೇ ಆಯಿತು. ಆಗ ಎರಡು ಉಂಡೆಗಳನ್ನು ಅಕ್ಕನ ಎದುರಿಗೆ ಇಟ್ಟು, "ಇದ್ರಲ್ಲಿ ನೀಲಿ ಯಾವ್ದು ಹೇಳು" ಎಂದಳು.

ಕಣ್ಣಕ್ಕ ನೋಡಿದಳು. ಎರಡೂ ಕಪ್ಪು.

"ಬೆಳಕು ಸರಿಯಿಲ್ಲ ಕಣೇ" ಎಂದಳು.

"ಬೆಳಕಿಗೇನಾಗಿದೆ? ಕಣ್ಣಿಗೆ ಪೊರೆ ಬಂದಿದೆ. ನಾಳೆನೇ ಆಸ್ಪತ್ರೆಗೆ ಹೋಗು. ಇಂಥಾ ಆಪರೇಷನ್ ಬೆಳಿಗ್ಗೆ ಮಾಡ್ತಾರೆ, ಮಧ್ಯಾಹ್ನ ಊಟಕ್ಕೆ ಮನೆಗೆ ಕಳಿಸ್ತಾರೆ."

ಆಪರೇಷನ್ನಿಗೆ ಆಕೆ ಹೆದರಿರಲಿಲ್ಲ. ಹೆದರಿದ್ದು ಪ್ರೆಸ್ಸಿಗೆ. ಹಿಂದಿನ ವರ್ಷವಷ್ಟೇ ಬಣ್ಣ ಅಳೆಯುವ ಯಂತ್ರವೊಂದು ಬಂದು ಕುಳಿತಿತ್ತು. ಹಾಳೆಯ ಅಂಚಿನಲ್ಲಿ ಅಚ್ಚಾದ ಸಣ್ಣ ಸಣ್ಣ ಬಣ್ಣದ ಚೌಕಗಳ ಮೇಲೆ ಅದು ಹಲ್ಲಿಯ ಹಾಗೆ ಸರಿದುಹೋಗಿ ಇಂಕು ಎಷ್ಟು ಬಿದ್ದಿದೆ ಎಂದು ಅಂಕಿ ಹೇಳುತ್ತಿತ್ತು. ಚಿತ್ರವನ್ನು ಅದು ನೋಡುತ್ತಿರಲಿಲ್ಲ, ಅಂಚನ್ನು ಮಾತ್ರ ನೋಡುತ್ತಿತ್ತು. ಆ ಕಾರಣಕ್ಕೇ ಕಣ್ಣಕ್ಕ ಇನ್ನೂ ಉಳಿದಿದ್ದಳು. ಕಣ್ಣಕ್ಕನ ಕಣ್ಣೇ ಹೋಗಿದೆ ಎಂದು ಗೊತ್ತಾದರೆ ಉಳಿಯುವುದೇನು? ಬರೀ ಅಕ್ಕ. ಬರೀ ಅಕ್ಕಂದಿರಿಗೆ ಯಾವ ಪ್ರೆಸ್ಸೂ ಸಂಬಳ ಕೊಡುವುದಿಲ್ಲ. ಆಗಲಿ ನೋಡೋಣ ಎಂದು ದಿನ ತಳ್ಳಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನಿಜವಾದ ತೊಂದರೆ ಏನೆಂದರೆ, ಕಂಡದ್ದೆಲ್ಲ ಹಳದಿಯಾದಾಗ ಹಳದಿ ಅಂತಲೇ ಗೊತ್ತಾಗುವುದಿಲ್ಲ.

ಮೇಷ್ಟ್ರ ಪುಸ್ತಕ ಪ್ರೆಸ್ಸಿಗೆ ಬಂದದ್ದು ಇಂಥ ಹೊತ್ತಿನಲ್ಲಿ.

ಮೇಷ್ಟ್ರೆಂದರೆ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಕಳೆದ ಶತಮಾನದ ಅಮೂರ್ತ ಚಿತ್ರಕಾರರ ಬಗ್ಗೆ ಒಂದು ಪುಸ್ತಕ ಬರೆದಿದ್ದರು. ಪಂಡಿತರಿಗಲ್ಲ, "ಇದೇನ್ರೀ, ಮರ ಇಲ್ಲ, ಮನುಷ್ಯ ಇಲ್ಲ, ನಮ್ಮ ಮನೆ ಕೂಸೂ ಬರಿಯುತ್ತೆ" ಎನ್ನುವವರಿಗೆ. ಜೀವನವಿಡೀ ಆ ಮಾತು ಕೇಳಿ ಕೇಳಿ ಅವರ ಕಿವಿ ತೂತು ಬಿದ್ದಿತ್ತು. ಪುಸ್ತಕ ಹೇಳುವುದು ಇಷ್ಟೇ: ಚಿತ್ರ ಅರ್ಥವಾಗಬೇಕಿಲ್ಲ, ಕಂಡರೆ ಸಾಕು, ಕಾಣುವವರೆಗೆ ನಿಂತುಕೊಳ್ಳಿ, ನಿಮ್ಮ ಕಣ್ಣನ್ನು ನಂಬಿ. ಮೇಷ್ಟ್ರು ದಿನವೂ ಬಂದು ಓರೆ ಮೇಜಿನ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಚಹಾ ಬಂದರೆ ಕುಡಿಯುತ್ತಿದ್ದರು, ಬಾರದಿದ್ದರೆ ಕೇಳುತ್ತಿರಲಿಲ್ಲ.

ಮೊದಮೊದಲು ಕಣ್ಣಕ್ಕನಿಗೆ ಇದು ಇನ್ನೊಂದು ತಲೆನೋವು. ಈ ಚಿತ್ರಕಾರರನ್ನು ಆಕೆ ಅಳೆದದ್ದು ಅವರು ಕೊಡುವ ಕಾಟದಿಂದ. ಪೊಲಾಕ್ ಎಂಬಾತ ಬಲು ಒಳ್ಳೆಯ ಮನುಷ್ಯ. ನೆಲದ ಮೇಲೆ ಬಟ್ಟೆ ಹಾಸಿ ಬಣ್ಣ ಚೆಲ್ಲಾಡಿದ್ದಾನೆ, ಅಚ್ಚಿನಲ್ಲಿ ಏನು ಹೆಚ್ಚುಕಮ್ಮಿಯಾದರೂ ಅವನ ಮೇಲೆ ಹಾಕಬಹುದು. ಮೊಂಡ್ರಿಯನ್ ಮಹಾ ಹಟಮಾರಿ. ನಾಲ್ಕು ಕಪ್ಪು ಗೆರೆ, ಒಂದು ಕೆಂಪು ಚೌಕ, ಮಿಕ್ಕದ್ದೆಲ್ಲ ಬಿಳಿ. ನೋಡಲು ಸುಲಭ, ಅಚ್ಚು ಮಾಡಲು ಕುತ್ತಿಗೆಗೆ ಬರುತ್ತದೆ, ಏಕೆಂದರೆ ಆ ಬಿಳಿ ಒಂದೇ ಬಿಳಿಯಲ್ಲ. ಒಂದು ಚೌಕ ಹಾಲಿನ ಕಡೆಗೆ, ಇನ್ನೊಂದು ಬೂದಿಯ ಕಡೆಗೆ.

"ಈಯಪ್ಪ ಹಸಿರು ಮುಟ್ಟೋದೇ ಇಲ್ವಾ ಮೇಷ್ಟ್ರೇ?"

"ಕೊನೆಕೊನೆಗೆ ಹಸಿರು ಕಂಡ್ರೇ ಆಗ್ತಿರಲಿಲ್ವಂತೆ ತಾಯಿ."

"ಪುಣ್ಯಾತ್ಮ. ನನಗೆ ಎಲ್ಲಾ ಬಣ್ಣ ಕಂಡ್ರೂ ಆಗಲ್ಲ."

ಮೇಷ್ಟ್ರು ಮನಸಾರೆ ನಕ್ಕರು. ಆಮೇಲೆ ಕ್ಯಾಂಡಿನ್ಸ್ಕಿ ಎಂಬ ಚಿತ್ರಕಾರನ ಕತೆ ಹೇಳಿದರು. ಆತ ಒಂದು ಮುಸ್ಸಂಜೆ ತನ್ನ ಕೋಣೆಗೆ ಬಂದಾಗ ಗೋಡೆಗೆ ಒರಗಿದ ಒಂದು ಚಿತ್ರ ಕಂಡಿತಂತೆ. ಏನು ಚಿತ್ರ ಎಂದು ತಿಳಿಯಲಿಲ್ಲ, ಆದರೆ ಒಳಗಿನಿಂದ ಬೆಳಗುವಷ್ಟು ಚೆಲುವು. ಹತ್ತಿರ ಹೋದರೆ ತನ್ನದೇ ಚಿತ್ರ, ಪಕ್ಕಕ್ಕೆ ತಿರುಗಿಸಿ ಇಟ್ಟದ್ದು. ಚಿತ್ರದಲ್ಲಿ ವಸ್ತುವೇ ಬೇಕಿಲ್ಲ ಎಂದು ಆತನಿಗೆ ಹೊಳೆದದ್ದು ಹಾಗೆ.

"ನಮ್ಮಲ್ಲಿ ಹಾಳೆಗೆ ಎಂಟು ಪುಟ, ಅದ್ರಲ್ಲಿ ನಾಲ್ಕು ತಲೆಕೆಳಗಾಗೇ ಅಚ್ಚಾಗೋದು" ಎಂದಳು ಕಣ್ಣಕ್ಕ. "ಇಷ್ಟು ವರ್ಷ ನೋಡಿದೀನಿ, ನನಗೊಂದು ದಿನಾನೂ ಏನೂ ಹೊಳೆದಿಲ್ಲ."

ಆದರೆ ಹೀಗೆ ಹೇಳುತ್ತ ಹೇಳುತ್ತ ಆಕೆಗೇ ಗೊತ್ತಿಲ್ಲದೆ ಏನೋ ಆಗುತ್ತಿತ್ತು. ಬಿಸ್ಕತ್ತಿನ ಪೊಟ್ಟಣ ನೋಡುವಾಗ ಆಕೆ ತಪ್ಪು ಹುಡುಕುತ್ತಿದ್ದಳು, ಸಿಕ್ಕರೆ ಮುಗಿಯಿತು. ಇಲ್ಲಿ ತಪ್ಪೆಲ್ಲ ತಿದ್ದಿದ ಮೇಲೂ ನೋಡುವುದು ಉಳಿಯುತ್ತಿತ್ತು. ಹಿಲ್ಮಾ ಅಫ್ ಕ್ಲಿಂಟ್ ಎಂಬ ಹೆಂಗಸಿನ ದೊಡ್ಡ ದೊಡ್ಡ ಸುರುಳಿಗಳ ಪುಟ ಬಂದ ದಿನ ಮೇಷ್ಟ್ರು, "ನಾನು ಸತ್ತು ಇಪ್ಪತ್ತು ವರ್ಷ ಆಗೋವರೆಗೆ ಇವನ್ನ ಯಾರಿಗೂ ತೋರಿಸಬೇಡಿ ಅಂದಿದ್ರು ಈ ತಾಯಿ" ಎಂದಾಗ ಕಣ್ಣಕ್ಕ ಏನೂ ತಮಾಷೆ ಮಾಡಲಿಲ್ಲ. ರಾತ್ಕೊ ಎಂಬಾತನ ಪುಟದ ಮುಂದೆ, ಕಂದುಗೆಂಪಿನ ಎರಡು ಮಸುಕು ಚೌಕಗಳ ಮುಂದೆ, ಭೂತಗನ್ನಡಿ ಕೆಳಗಿಟ್ಟು ಸುಮ್ಮನೆ ನಿಂತಳು.

"ಈ ಮನುಷ್ಯನಿಗೆ ತುಂಬಾ ಸುಸ್ತಾಗಿತ್ತು ಅನ್ಸುತ್ತೆ."

ಮೇಷ್ಟ್ರು ತಲೆ ತಗ್ಗಿಸಿದರು. "ಹೌದು ತಾಯಿ. ತುಂಬಾ."

ಅವತ್ತು ಬಸ್ಸಿನಲ್ಲಿ ಕುಳಿತು ಆಕೆಗೆ ಅಳು ಬಂತು. ದುಃಖಕ್ಕಲ್ಲ. ತನ್ನ ಆಯಾಸವನ್ನು ಯಾರೋ ಎಲ್ಲೋ ಮೊದಲೇ ಬರೆದಿಟ್ಟಿದ್ದಾರೆ ಎಂಬುದಕ್ಕೆ. ಇಂಥ ಚಿತ್ರಗಳನ್ನು ಇಷ್ಟಪಡುವ ಕಾಲಕ್ಕೆ ಸರಿಯಾಗಿ ಕಣ್ಣಿಗೆ ಪೊರೆ ಬರಬೇಕೆ ಎಂದು ದೇವರನ್ನೂ ಬೈದಳು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆ ಸಿಕ್ಕಾಗ ಹಲ್ಲಿಲ್ಲ.

ಕೊನೆಯ ಹಾಳೆಯಲ್ಲಿ ಬಂದದ್ದು ಕಪ್ಪು ಪುಟ.

ರೈನ್‌ಹಾರ್ಟ್ ಎಂಬ ಚಿತ್ರಕಾರ ಕೊನೆಯ ವರ್ಷಗಳಲ್ಲಿ ಬರೀ ಕಪ್ಪು ಚಿತ್ರಗಳನ್ನೇ ಬರೆದನಂತೆ. ಮನುಷ್ಯನೆತ್ತರದ ಚೌಕ. ಥಟ್ಟನೆ ನೋಡಿದರೆ ಮಸಿ ಬಳಿದ ಹಲಗೆ. ನಿಂತು ನೋಡಿದರೆ ಕಪ್ಪಿನೊಳಗೆ ಒಂಬತ್ತು ಚೌಕ, ಮೂರು ಸಾಲು ಮೂರರಂತೆ. ನಾಲ್ಕು ಮೂಲೆಗಳಲ್ಲಿ ಕೆಂಪು ಮುಚ್ಚಿಟ್ಟ ಕಪ್ಪು, ಉದ್ದಕ್ಕೆ ನೀಲಿ ಮುಚ್ಚಿಟ್ಟ ಕಪ್ಪು, ಅಡ್ಡಕ್ಕೆ ಹಸಿರು ಮುಚ್ಚಿಟ್ಟ ಕಪ್ಪು. ಯಾರಾದರೂ ಬರೆಯಬಹುದಾದ ಕಟ್ಟಕಡೆಯ ಚಿತ್ರಗಳು ಇವು ಎಂದು ಆತ ಹೇಳುತ್ತಿದ್ದನಂತೆ. ಮೇಷ್ಟ್ರು ಒಮ್ಮೆ ದೂರದೇಶದಲ್ಲಿ ಅಂಥದೊಂದರ ಮುಂದೆ ನಿಂತಿದ್ದರು.

"ಮೊದ್ಲು ಏನೂ ಇಲ್ಲ. ಕಾಲು ನೋಯ್ತು, ನಾಚಿಕೆ ಆಯ್ತು, ಕಾವಲಿನವನು ನನ್ನನ್ನೇ ನೋಡ್ತಿದ್ದ. ಹೊರಡೋಣ ಅಂದ್ಕೊಂಡೆ. ಆಗ ಬಂತು ತಾಯಿ. ಕತ್ತಲೆ ಕೋಣೇಲಿ ಕಣ್ಣು ಪಳಗಿದ ಮೇಲೆ ಕಿಟಕಿ ಕಾಣುತ್ತಲ್ಲ, ಹಾಗೆ. ಇದನ್ನ ಅಚ್ಚು ಮಾಡೋಕೇ ಆಗಲ್ಲ ಅಂತಾರೆ. ನೀವು ಮಾಡ್ತೀರಿ." ಪ್ರೆಸ್ಸಿನ ಎಲ್ಲರಿಗೂ ಇದೇ ಮಾತು ಹೇಳಿ, "ಆತುರ ಮಾಡಬೇಡಿ, ತಡವಾಗಿ ಕಾಣುತ್ತೆ" ಎಂದು ಎಚ್ಚರಿಸಿ ಹೋದರು.

ಹಾಳೆ ಹೊರಬಿದ್ದ ದಿನ ಮೇಷ್ಟ್ರು ಇರಲಿಲ್ಲ. ಕಣ್ಣಕ್ಕ, ಬೇರೆ ಯಂತ್ರದಲ್ಲಿ ಮೊದಲೇ ತೆಗೆದು ಅವರು ನೋಡಿ ಒಪ್ಪಿದ್ದ ಮಾದರಿ ಹಾಳೆಯನ್ನು ಎಡಕ್ಕೂ ಮಷಿನ್ನಿನ ಹಾಳೆಯನ್ನು ಬಲಕ್ಕೂ ಹಾಸಿದಳು. ಮಾದರಿಯನ್ನು ನೋಡಿದಳು. ಕಪ್ಪು. ಹಾಳೆಯನ್ನು ನೋಡಿದಳು. ಕಪ್ಪು. ಕನ್ನಡಕ ಒರೆಸಿದಳು, ಭೂತಗನ್ನಡಿ ಇಟ್ಟಳು, ದೀಪ ಬಗ್ಗಿಸಿದಳು. ಎರಡು ದಾರದ ಉಂಡೆಗಳು ನೆನಪಾದವು. ಪಕ್ಕದಲ್ಲಿ ಮೀಸೆ ನಿಂತಿದ್ದ. ಮಷಿನ್ನು ನಡೆಸುವವನು, ಮುಖಕ್ಕಿಂತ ಮೀಸೆ ಮುಂಚೆ ಬರುತ್ತಿದ್ದರಿಂದ ಆ ಹೆಸರು. ಅವನು ಆಕೆಯ ಮುಖ ನೋಡುತ್ತಿದ್ದನೇ ಹೊರತು ಹಾಳೆಯನ್ನಲ್ಲ.

ಆಗ ಚಿಕ್ಕ ಯಜಮಾನ ಬಂದ. ಹಳೆಯ ಯಜಮಾನರ ಮಗ. ಚಡ್ಡಿ ಹಾಕಿಕೊಂಡು ಕಾಗದದ ರಾಶಿಗಳ ಮೇಲೆ ಹಾರಾಡುತ್ತಿದ್ದ ಕಾಲದಿಂದಲೂ ಕಣ್ಣಕ್ಕನನ್ನು ಅಕ್ಕ ಎನ್ನುವವನು. ಕಿವಿಗೆ ಫೋನು ಒತ್ತಿಕೊಂಡೇ ಹಾಳೆಯ ಮೇಲೆ ಬಗ್ಗಿದ.

"ಹಾ ಹಾ, ಬಂತು ಬಂತು. ಚೌಕ ಚೌಕವಾಗಿ. ಮೇಷ್ಟ್ರು ಹೇಳಿದ ಹಾಗೇ ಇದೆ. ಭೇಷ್!" ಎಂದು ಆಕೆಯ ಬೆನ್ನು ತಟ್ಟಿ, ಫೋನಿನಲ್ಲಿ ಯಾರಿಗೋ ಬೈಯುತ್ತ ಹೋದ.

ಕಣ್ಣಕ್ಕ ಮತ್ತೆ ಹಾಳೆಯ ಮೇಲೆ ಬಗ್ಗಿದಳು. ಒಂದು ಉಸಿರಿನಲ್ಲಿ ಇವನಿಗೆ ಕಂಡದ್ದು ತನಗೆ ಕಾಣಲಿಲ್ಲ. ಸಾಬೂನಿನ ಹೊದಿಕೆಗೂ ಕೆಮ್ಮಿನ ಡಬ್ಬಿಗೂ ವ್ಯತ್ಯಾಸ ತಿಳಿಯದವನಿಗೆ ಕಂಡಿತು! ಹಾಗಾದರೆ ಮುಗಿಯಿತು. ಇಲ್ಲಿ ಕಾಣುವುದಿಲ್ಲ ಎಂದು ಬಾಯಿಬಿಟ್ಟರೆ ನಾಳೆಯಿಂದ ಆ ಹಲ್ಲಿ ಯಂತ್ರವೇ ಸಾಕು. ಎರಡು ಕಪ್ಪಿಗೂ ಏನೂ ವ್ಯತ್ಯಾಸ ಕಾಣದ ಮೇಲೆ ಎರಡೂ ಸರಿಹೊಂದಿದೆ ಎಂದೇ ಲೆಕ್ಕವಲ್ಲವೆ ಎಂದು ತನಗೆ ತಾನೇ ಹೇಳಿಕೊಂಡಳು. ಕೆಂಪು ಪೆನ್ಸಿಲು ಎತ್ತಿಕೊಂಡು ಮೂಲೆಗೆ ಕಣ್ಣು ಬರೆದಳು. ಮೀಸೆ ಮಷಿನ್ನು ಓಡಿಸಿದ.

ಎರಡು ದಿನ ಬಿಟ್ಟು ಮೇಷ್ಟ್ರು ಬಂದರು. ಕಣ್ಣು ಬರೆದ ಆ ಮೊದಲ ಹಾಳೆಯೇ ತಮಗೆ ನೆನಪಿಗೆ ಬೇಕು ಎಂದು ಕೇಳಿ, ಕಿಟಕಿಯ ಹತ್ತಿರ ಹಿಡಿದು ನಿಂತರು. ಬಹಳ ಹೊತ್ತು ನಿಂತರು. ಚಹಾ ಬಂತು, ಆರಿತು.

"ಹೇಗಿದೆ ಮೇಷ್ಟ್ರೇ?" ಕಣ್ಣಕ್ಕ ಕೇಳಿದಳು.

ಅವರು ಮೂಲೆಯ ಕೆಂಪು ಕಣ್ಣಿನ ಮೇಲೆ ಒಮ್ಮೆ ಬೆರಳಾಡಿಸಿದರು. "ಚೆನ್ನಾಗಿದೆ ತಾಯಿ. ನೀವು ನೋಡಿದ ಮೇಲೆ ಇನ್ನೇನು" ಎಂದು ಹಾಳೆ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಸ್ಟೂಲಿನ ಮೇಲೆ ಯಾರೋ ಇಂಕಿನ ಡಬ್ಬಿ ಇಟ್ಟರು.

ಕಣ್ಣಕ್ಕ ರಜೆ ಹಾಕಿದಳು. ಸೋದರಮಾವನಿಗೆ ಹುಷಾರಿಲ್ಲ ಎಂದು ಹೇಳಿ ಬಂದಳು.

"ಮಾವ ಸತ್ತು ಎಷ್ಟು ವರ್ಷ ಆಯ್ತು, ಈಗ ಹುಷಾರು ತಪ್ಪಿದ್ನಾ?" ಎಂದು ತಂಗಿ ಕೇಳಿದಳು. ಆದರೂ ಬಟ್ಟೆ ಹೊಲಿಯುವುದು ಬಿಟ್ಟು ಆಸ್ಪತ್ರೆಗೆ ಜೊತೆಗೆ ಬಂದಳು. ಮೊದಲು ಬಲಗಣ್ಣು, ಎಡಗಣ್ಣು ಮುಂದಿನ ತಿಂಗಳು ಎಂದರು ಡಾಕ್ಟರು.

ಪಟ್ಟಿ ಬಿಚ್ಚಿದಾಗ ಕಣ್ಣಕ್ಕನಿಗೆ ಮೊದಲು ಕಂಡದ್ದು ನೀಲಿ. ಎಲ್ಲೆಲ್ಲೂ ನೀಲಿ. ಡಾಕ್ಟರ ಅಂಗಿ ನೀಲಿ ಹಾಕಿ ಒಗೆದ ಹಾಗೆ ಹೊಳೆಯುತ್ತಿತ್ತು. ಮನೆಗೆ ಬಂದು ಒಂದೊಂದೇ ಕಣ್ಣು ಮುಚ್ಚಿ ನೋಡಿದಳು. ಎಡಗಣ್ಣಿಗೆ ಗೋಡೆ ಹಳೆಯ ಪೇಪರು, ಬಲಗಣ್ಣಿಗೆ ಈಗಷ್ಟೇ ಸುಣ್ಣ ಬಳಿದ ಗೋಡೆ. ಬೂದಿ ಎಂದುಕೊಂಡು ಉಡುತ್ತಿದ್ದ ಬಟ್ಟೆಗಳಲ್ಲಿ ಅರ್ಧ ನಸುನೇರಳೆ. ತಂಗಿಯನ್ನು ನೋಡಿದಳು.

"ನೀನು ಯಾವಾಗ ಇಷ್ಟು ಮುದುಕಿ ಆದೆ ಕಣೇ?"

"ನೀನು ನೋಡದೆ ಇದ್ದಾಗ" ಎಂದಳು ತಂಗಿ, ದಾರದ ಉಂಡೆಗಳನ್ನು ಮುಂದೆ ಸುರಿಯುತ್ತ. ಕಣ್ಣಕ್ಕ ಕಡುನೀಲಿಯನ್ನೂ ಕಪ್ಪನ್ನೂ ಬೇರೆಬೇರೆ ಎತ್ತಿಟ್ಟಳು. ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ಕೆಲಸಕ್ಕೆ ಮರಳಿದ ಬೆಳಿಗ್ಗೆ ಇನ್ನೂ ಯಾರೂ ಬಂದಿರಲಿಲ್ಲ. ಕಣ್ಣಕ್ಕ ಚೀಲವನ್ನೂ ಕೆಳಗಿಡದೆ ಬಿಳಿ ದೀಪ ಹಾಕಿ ಕಪ್ಪು ಚಿತ್ರದ ಮಾದರಿಯನ್ನು ಹಾಸಿದಳು. ಎಡಗಣ್ಣು ಕೈಯಿಂದ ಮುಚ್ಚಿ ನಿಂತಳು. ಮೊದಲು ಏನೂ ಇಲ್ಲ. ನಿಂತಳು. ಕಾಲು ನೋಯತೊಡಗಿತು. ಆಮೇಲೆ, ಮೇಷ್ಟ್ರು ಹೇಳಿದ್ದ ಹಾಗೆಯೇ, ಕತ್ತಲೆಯಲ್ಲಿ ಕಿಟಕಿ ಮೂಡಿದಂತೆ ಒಂದು ನೀಲಿ ಪಟ್ಟಿ ಉದ್ದಕ್ಕೆ ಮೂಡಿತು. ಅದನ್ನು ಅಡ್ಡ ಹಾಯುವ ಹಸಿರು. ಮೂಲೆಗಳಲ್ಲಿ ಆರಿಹೋದ ಕೆಂಡದ ಕೆಂಪು. ಅಷ್ಟು ಮೆಲ್ಲಗೆ ಬಂದ ಬಣ್ಣವನ್ನು ಆಕೆ ಜನ್ಮದಲ್ಲಿ ನೋಡಿರಲಿಲ್ಲ. ಯಾರೂ ಇನ್ನೂ ಸ್ವಲ್ಪ ಕೆಂಪು ಕೇಳದ ಬಣ್ಣ. ಆಕೆಗೆ ಸಂತೋಷವಾಯಿತು, ಬಹಳ ದಿನಗಳ ಮೇಲೆ.

ಅದೇ ಸಂತೋಷದಲ್ಲಿ ಅಚ್ಚಾದ ಹಾಳೆಯೊಂದನ್ನು ತಂದು ಪಕ್ಕಕ್ಕೆ ಹಾಸಿದಳು. ನಿಂತಳು. ಕಾದಳು. ಮೀಸೆ ಬಂದು ಬೀಗದ ಕೈ ತೂಗುಹಾಕಿದ, ಮಷಿನ್ನು ಒರೆಸಿದ, ಚಹಾ ತಂದ. ಆಕೆ ಕಾಯುತ್ತಲೇ ಇದ್ದಳು. ಭೂತಗನ್ನಡಿ ಇಟ್ಟು ಒಂದೊಂದೇ ಮೂಲೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಬರೀ ಕಪ್ಪು, ಕೊಡೆಯ ಬಟ್ಟೆಯ ಕಪ್ಪು.

"ಮೀಸೆ, ಬಾ ಇಲ್ಲಿ. ಇದ್ರಲ್ಲಿ ನಿನಗೇನಾದ್ರೂ ಕಾಣುತ್ತಾ? ನಿಜ ಹೇಳು ಮಾರಾಯ."

ಮೀಸೆ ತಲೆ ಕೆರೆದುಕೊಂಡ. "ಇಲ್ಲ ಅಕ್ಕ. ಅವತ್ತೂ ಕಾಣಲಿಲ್ಲ. ತಡವಾಗಿ ಕಾಣುತ್ತೆ ಅಂದಿದ್ರಲ್ಲ ಮೇಷ್ಟ್ರು, ಅಷ್ಟು ಹೊತ್ತು ನಿಲ್ಲೋಕೆ ನನಗೆಲ್ಲಿ ಪುರುಸೊತ್ತು? ನೀವು ಕಣ್ಣು ಬರೆದ್ರಿ, ಓಡಿಸ್ದೆ."

ಆಕೆ ನೆಟ್ಟಗೆ, ಮಷಿನ್ನಿಗೆ ಹಾಕುವ ಅಚ್ಚಿನ ಪ್ಲೇಟು ಮಾಡುವವನ ಕೋಣೆಗೆ ಹೋದಳು. ಅವನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ಒಪ್ಪಿಕೊಂಡದ್ದೇನು, ಹೆಮ್ಮೆಯಿಂದಲೇ ಹೇಳಿದ. ಹೊರಗಿನವರು ಕಳಿಸುವ ಕಂಪ್ಯೂಟರ್ ಫೈಲುಗಳಲ್ಲಿ ಅಕ್ಷರಗಳ ಕಪ್ಪು ಎಷ್ಟೋ ಸಲ ನೀಲಿ, ಕೆಂಪು, ಹಳದಿ, ಕಪ್ಪು ನಾಲ್ಕೂ ಇಂಕು ಸೇರಿಸಿದ ಕಪ್ಪಾಗಿ ಬರುತ್ತದೆ. ಹಾಗೇ ಬಿಟ್ಟರೆ ಅಕ್ಷರದ ಅಂಚಿಗೆ ಬಣ್ಣ ಇಣುಕುತ್ತದೆ. ಅದನ್ನು ಬರೀ ಕಪ್ಪು ಇಂಕಿಗೆ ಬದಲಾಯಿಸುವುದು ಪ್ಲೇಟಿನವರ ರೂಢಿ, ಯಾರೂ ಹೇಳಬೇಕಿಲ್ಲ. "ಇಡೀ ಪುಟ ಕಪ್ಪಿದೆ, ನಾಲ್ಕು ಇಂಕು ಕುಡಿಸಿದ್ರೆ ಹಾಳೆ ಒಣಗೋದು ಯಾವಾಗ ಅಕ್ಕ? ಕಪ್ಪಿಗೆ ಕಪ್ಪು ಇಂಕೊಂದೇ ಸಾಕು ಅಂತ ಮಾಡ್ದೆ. ಯಾವಾಗ್ಲೂ ಮಾಡೋದೇ ಅಲ್ವಾ?"

ಯಾವಾಗಲೂ ಮಾಡುವುದೇ. ಅವನನ್ನು ಬೈಯಲು ಆಕೆಗೆ ಬಾಯಿ ಬರಲಿಲ್ಲ. ಹಾಳೆಯ ಮಿಕ್ಕ ಪುಟಗಳ ಚಿತ್ರಗಳಿಗೆ ನಾಲ್ಕೂ ಇಂಕು ಸರಿಯಾಗಿ ಬಿದ್ದಿದ್ದರಿಂದ ಹಲ್ಲಿ ಯಂತ್ರವೂ ಅಂಚು ನೋಡಿ ಸರಿ ಎಂದಿತ್ತು. ತಪ್ಪು ಹಿಡಿಯಬೇಕಾಗಿದ್ದುದು ಒಂದೇ ಒಂದು ಕಣ್ಣು.

ಸುಮ್ಮನಿದ್ದುಬಿಟ್ಟರೆ? ಕಣ್ಣಕ್ಕ ಹಾಗೂ ಯೋಚಿಸಿದಳು, ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಲವೇ ಪುಸ್ತಕಗಳು ಬೈಂಡಾಗಿವೆ, ಮಿಕ್ಕದ್ದು ಹಾಳೆಯಾಗಿಯೇ ಇದೆ. ಸುಮ್ಮನಿದ್ದರೆ ಎಲ್ಲವೂ ಹೋಗಿಬಿಡುತ್ತವೆ. ಯಾರಿಗೂ ಗೊತ್ತಾಗುವುದಿಲ್ಲ. ಯಾರಾದರೂ ಓದುಗ ಆ ಪುಟ ತೆರೆಯುತ್ತಾನೆ. ಕಾಣುವವರೆಗೆ ನಿಂತುಕೊಳ್ಳಿ, ನಿಮ್ಮ ಕಣ್ಣನ್ನು ನಂಬಿ ಎಂದು ಪಕ್ಕದಲ್ಲೇ ಬರೆದಿದೆ. ಅವನು ಕಾಯುತ್ತಾನೆ. ಕಾಣುವುದಿಲ್ಲ. ಆಗ ಅವನು ಪುಸ್ತಕದ ತಪ್ಪು ಎನ್ನುವುದಿಲ್ಲ, ನನ್ನ ಕಣ್ಣೇ ಸರಿಯಿಲ್ಲ, ಇದೆಲ್ಲ ನನ್ನಂಥವನಿಗಲ್ಲ ಎನ್ನುತ್ತಾನೆ. ಹಾಗೆ ಅಂದುಕೊಂಡು ಬದುಕುವುದು ಹೇಗಿರುತ್ತದೆ ಎಂದು ಆಕೆಗೆ ಗೊತ್ತಿತ್ತು. ಅದನ್ನು ಇನ್ನೊಬ್ಬರ ಮೇಲೆ ಹೇರುವ ಶಕ್ತಿಯೂ ಆಕೆಗೆ ಉಳಿದಿರಲಿಲ್ಲ.

ಚಿಕ್ಕ ಯಜಮಾನನ ಮೇಜಿನ ಮುಂದೆ ನಿಂತು ಎಲ್ಲ ಹೇಳಿದಳು. ಪೊರೆ, ಸುಳ್ಳು ಮಾವ, ಕಪ್ಪು ಇಂಕು, ಎಲ್ಲ. ಅವನು ಕುರ್ಚಿಯಿಂದ ಎದ್ದೇಬಿಟ್ಟ.

"ಏನಕ್ಕ ಇದು! ಕಾಣದೇ ಇದ್ರೆ ಕಣ್ಣು ಯಾಕೆ ಬರೆದ್ರಿ?"

"ನಿನಗೆ ಕಾಣ್ತು ಅಂದ್ಯಲ್ಲಪ್ಪ, ಅದಕ್ಕೆ" ಎಂದಳು. "ಚೌಕ ಚೌಕವಾಗಿ ಬಂತು ಅಂದೆ. ಏನು ಕಂಡೆ ಅಲ್ಲಿ?"

ಕುಂಬಳಕಾಯಿ ಕಳ್ಳನ ಹಾಗೆ ಅವನ ಕೈ ತಾನಾಗಿ ಹೆಗಲಿನ ಹತ್ತಿರ ಹೋಯಿತು. "ನನಗೆಲ್ಲಿ ಗೊತ್ತಾಗುತ್ತೆ ಅಕ್ಕ ಅವೆಲ್ಲ? ಕಾಣಲಿಲ್ಲ ಅಂದ್ರೆ ನೀವು ನಗ್ತೀರಿ ಅಂತ..." ಎಂದು ಕುಳಿತ. ಆಮೇಲೆ ಅವನು ಬೈಂಡಿಂಗಿನವರಿಗೆ ಫೋನು ಮಾಡಿ ಕೆಲಸ ನಿಲ್ಲಿಸಲು ಹೇಳಿದ. ಹಾಳೆ ಮತ್ತೆ ಅಚ್ಚಾಗಬೇಕು. ಇನ್ನು ಮುಂದೆ ಒಂದು ಕಣ್ಣು ಸಾಲದು, ಮೂಲೆಯಲ್ಲಿ ಇಬ್ಬರ ಗುರುತು ಬೀಳಬೇಕು, ಎರಡನೆಯದು ಮೀಸೆಯದು ಎಂದ. ಕಣ್ಣಕ್ಕ ತಲೆಯಾಡಿಸಿದಳು. ನೋವಾಯಿತು, ಭಾರ ಇಳಿದಂತೆಯೂ ಆಯಿತು.

"ಮೇಷ್ಟ್ರಿಗೆ ಹೇಳಬೇಕು. ಅವರು ಫೋನೇ ಎತ್ತುತ್ತಿಲ್ಲ" ಎಂದ ಯಜಮಾನ. "ಮೊದಲ ಪ್ರತಿ ನೋಡೋಕೆ ಬನ್ನಿ ಅಂತ ಎಷ್ಟು ಸಲ ಕರೆದೆ."

ಕಣ್ಣಕ್ಕ ಮಾದರಿ ಹಾಳೆಯನ್ನು ಸುತ್ತಿಕೊಂಡು ಅವತ್ತೇ ಮಧ್ಯಾಹ್ನ ಮೇಷ್ಟ್ರ ಮನೆ ಹುಡುಕಿಕೊಂಡು ಹೋದಳು. ಬಾಗಿಲು ತೆರೆದವರು ಅವರ ಹೆಂಡತಿ.

"ಒಳಗಿದಾರೆ. ಯಾರ ಹತ್ರಾನೂ ಮಾತಿಲ್ಲ. ಚಿತ್ರದ ಪುಸ್ತಕ ಎಲ್ಲಾ ಕಟ್ಟಿ ಅಟ್ಟಕ್ಕೆ ಹಾಕಿದಾರೆ. ಏನಾಯ್ತು ಅಂದ್ರೆ ವಯಸ್ಸಾಯ್ತು ಅಂತಾರೆ, ನಿನ್ನೆ ಮೊನ್ನೆ ವಯಸ್ಸಾದವರ ಹಾಗೆ."

ಮೇಷ್ಟ್ರು ಗೋಡೆಯ ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಗೋಡೆಯ ಮೇಲೆ ಆ ಹಾಳೆಯನ್ನು ನಾಲ್ಕು ಮೊಳೆ ಹೊಡೆದು ಹಚ್ಚಿದ್ದರು. ಕುರ್ಚಿಯ ಪಕ್ಕ ಮೂರು ಜೊತೆ ಕನ್ನಡಕ.

"ಮೇಷ್ಟ್ರೇ" ಎಂದಳು ಕಣ್ಣಕ್ಕ. "ಅದರಲ್ಲಿ ಏನೂ ಇಲ್ಲ."

ಅವರು ತಿರುಗಿ ನೋಡಿ ಕರುಣೆಯಿಂದ ನಕ್ಕರು. "ಇದೆ ತಾಯಿ. ನನ್ನ ಸಮಾಧಾನಕ್ಕೆ ಹೇಳಬೇಡಿ. ದಿನಾ ಕೂತು ನೋಡ್ತೀನಿ, ನನಗೆ ಕಾಣ್ತಿಲ್ಲ ಅಷ್ಟೇ. ನೋಡಿ, ಮೂಲೆಯಲ್ಲಿ ನಿಮ್ಮ ಕಣ್ಣು ಇದೆ."

ಕಣ್ಣಕ್ಕನಿಗೆ 'ಭೂಮಿ ಬಾಯ್ಬಿಡಬಾರದೆ' ಎನ್ನಿಸಿತು. ಆದರೂ ಹೇಳಿದಳು. "ಆ ಕಣ್ಣಿಗೂ ಏನೂ ಕಂಡಿರಲಿಲ್ಲ ಮೇಷ್ಟ್ರೇ. ನನಗೆ ಪೊರೆ ಬಂದಿತ್ತು. ಹೇಳೋಕೆ ಭಯ ಆಯ್ತು. ಅದು ಬರೀ ಕಪ್ಪು ಇಂಕು."

ಮೇಷ್ಟ್ರ ನಗು ನಿಂತಿತು. ಎದ್ದು ಗೋಡೆಯ ಹತ್ತಿರ ಹೋದರು. ಸಿಟ್ಟಿನಲ್ಲಿ ಹಾಳೆಯನ್ನು ಒಂದೇ ಎಳೆತಕ್ಕೆ ಕಿತ್ತರು. ಕೆಂಪು ಕಣ್ಣಿದ್ದ ಮೂಲೆಯನ್ನು ಹರಿದು ಆಕೆಯ ಅಂಗೈಗೆ ಇಟ್ಟು, "ಇದನ್ನ ನೀವೇ ಇಟ್ಕೊಳ್ಳಿ" ಎಂದರು. ಆಕೆ ಮುಚ್ಚಿದ ಮುಷ್ಟಿಯಲ್ಲೇ ಹಿಡಿದುಕೊಂಡು ನಿಂತಳು. ಹೋಗಿ ಎಂದಿದ್ದರೆ ಹೋಗುತ್ತಿದ್ದಳು. ಅವರು ಎನ್ನಲಿಲ್ಲ. ಬಹಳ ಹೊತ್ತಾದ ಮೇಲೆ, "ಬಗಲಲ್ಲಿರೋದು ಏನು?" ಎಂದು ಕೇಳಿದರು.

ಮಾದರಿ ಹಾಳೆಯನ್ನು ಅದೇ ಮೊಳೆಗಳಿಗೆ ಹಚ್ಚಿದರು. ಮೇಷ್ಟ್ರು ಕುರ್ಚಿಯಲ್ಲಿ ಕೂರಲಿಲ್ಲ. ಕುಳಿತರೆ ಎಲ್ಲಿ ಕಾಣುವುದಿಲ್ಲವೋ ಎಂಬ ಹೆದರಿಕೆ. ಇಬ್ಬರೂ ಪಕ್ಕಪಕ್ಕ ನಿಂತರು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಒಳಗೆ ಮೇಷ್ಟ್ರ ಹೆಂಡತಿ ಪಾತ್ರೆ ತೊಳೆಯುತ್ತಿದ್ದರು.

"ಬಂತು" ಎಂದರು ಮೇಷ್ಟ್ರು ಉಸಿರಿನಲ್ಲಿ. ಕೆನ್ನೆಯ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ನಿಮಗೆ?"

ಕಣ್ಣಕ್ಕ ಎಡಗಣ್ಣು ಮುಚ್ಚಿ ನೋಡಿದಳು. ಆಮೇಲೆ ಬಲಗಣ್ಣು ಮುಚ್ಚಿ ನೋಡಿದಳು.

"ಈ ಕಣ್ಣಿಗೆ ಬಂತು ಮೇಷ್ಟ್ರೇ" ಎಂದಳು. "ಈ ಕಣ್ಣಿಗೆ ಏನೂ ಕಾಣ್ತಿಲ್ಲ."